ದೇಸೂರಿನ ಸೊಸೆ

ಗಜಾನನ ಹೇಳಿದ ಸುಳ್ಳು ದೊಡ್ಡದೇನಲ್ಲ. ಫೋನಿನಲ್ಲಿ, ಅದೂ ಅರ್ಧ ನಿಮಿಷದಲ್ಲಿ ಹೇಳಿ ಮುಗಿಸಿದ್ದು. ಅದು ಮೂರೇ ದಿನದಲ್ಲಿ ಆಳೆತ್ತರ ಬೆಳೆದು, ಇಳಕಲ್ಲ ಸೀರೆ ಸುತ್ತಿಕೊಂಡು, ಸ್ಕೂಟರ್ ಏರಿ ಹಿಂದವಾಡಿಯ ಓಣಿಯಲ್ಲಿ ಮೆರವಣಿಗೆ ಬರುತ್ತದೆಂದು ಅವನಿಗೇನು ಗೊತ್ತಿತ್ತು?

ಗಜಾನನನಿಗೆ ಮೂವತ್ತಾರು ವರ್ಷ. ಮಚ್ಛೆಯ ಒಂದು ಸಣ್ಣ ಕಾರ್ಖಾನೆಯಲ್ಲಿ ಬೋಲ್ಟುಗಳ ಅಳತೆ ನೋಡುವ ಕೆಲಸ. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಬೋಲ್ಟನ್ನು ಎತ್ತಿ ಬುಟ್ಟಿಗೆ ಎಸೆಯುತ್ತಿದ್ದ. ಕನ್ಯೆಯ ಕಡೆಯವರೂ ಅವನನ್ನು ಹಾಗೆಯೇ ಎಸೆಯುತ್ತ ಬಂದಿದ್ದರು. ಒಬ್ಬರಿಗೆ ಎತ್ತರ ಸಾಲದು, ಒಬ್ಬರಿಗೆ ವಯಸ್ಸು ಜಾಸ್ತಿ, ಒಬ್ಬರಿಗಂತೂ ಅವನು ಚಹ ಕುಡಿಯುವ ಸಪ್ಪಳ ಸೇರಲಿಲ್ಲ. ಹನ್ನೊಂದು ಮನೆಗಳ ಅವಲಕ್ಕಿ ತಿಂದು ಬರಿಗೈಯಲ್ಲಿ ಬಂದ ಮೇಲೆ, ಹನ್ನೆರಡನೆಯದಾಗಿ ಖಾನಾಪುರದ ಸಪ್ನಾಳ ಜಾತಕ ಬಂದಿತ್ತು. ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸುವ ಹುಡುಗಿ. ಹಿರಿಯರು, “ಮೊದಲು ನೀವಿಬ್ಬರೂ ಮಾತಾಡ್ರಿ,” ಎಂದು ನಂಬರ್ ಕೊಟ್ಟಿದ್ದರು.

ಗುರುವಾರ ಸಂಜೆ ಗಜಾನನ ಬೆವರುತ್ತ ಫೋನ್ ಮಾಡಿದ.

“ನಿಮ್ಮ ಹವ್ಯಾಸ ಏನೈತ್ರಿ?” ಎಂದು ಸಪ್ನಾ ಕೇಳಿದಳು.

ಅವನ ಹವ್ಯಾಸವೆಂದರೆ ಐತವಾರ ಮಧ್ಯಾಹ್ನ ಬಾಯಿ ತೆರೆದು ಮಲಗುವುದು. ಅದನ್ನು ಹೇಳುವಂತಿರಲಿಲ್ಲ. ಅಷ್ಟರಲ್ಲಿ ಅವಳ ವಾಟ್ಸಪ್ಪಿನ ಚಿತ್ರ ನೆನಪಾಯಿತು. ಅದರಲ್ಲಿ ಅವಳಿರಲಿಲ್ಲ, ಒಂದು ಕೇಸರಿ ಬಣ್ಣದ ಚಿಟ್ಟೆ ಇತ್ತು.

“ಪಾತರಗಿತ್ತಿ ಸಾಕ್ತೀನ್ರಿ,” ಎಂದುಬಿಟ್ಟ.

“ಹೌದಾ? ಯಾವ ಗಿಡ ಹಚ್ಚೀರಿ?”

“ಗುಲಾಬಿ, ದಾಸಾಳ… ಹಿಂಗ.”

“ಅವು ಬರೇ ಜೇನು ಕುಡ್ಯಾಕ ಆದುವಲ್ರಿ. ತತ್ತಿ ಎಲ್ಲಿಡಬೇಕು? ಹುಳ ಏನ್ ತಿನ್ನಬೇಕು? ಎಕ್ಕಿ ಇಲ್ಲೇನ್ರಿ?”

“ಎಕ್ಕಿ ಇಲ್ದ ಆಕ್ಕೈತೇನ್ರಿ? ಆಳೆತ್ತರ ಐತಿ. ಮೈತುಂಬ ಹುಳ ಅದಾವ!”

ಆ ಕಡೆಯಿಂದ ಬಂದ ದನಿ ಕುಂದಾ ತಿಂದಷ್ಟು ಸಿಹಿಯಾಗಿತ್ತು. “ಎಲ್ಲಾರೂ ಪರದೇಶದ ಹೂವಿನ ಗಿಡ ತಂದು ಹಚ್ತಾರ. ನಮ್ಮ ನೆಲದ ಎಕ್ಕಿ ಕಂಡ್ರ ಕಿತ್ತು ಒಗೀತಾರ. ಎಕ್ಕಿ ಬೆಳಸೂ ಗಂಡಸು ಒಬ್ಬ ಅದಾನಂತ ನನಗ ಗೊತ್ತ ಇರಲಿಲ್ಲ. ಐತವಾರ ಮಾಮಾನ ಕರಕೊಂಡು ನಿಮ್ಮ ಮನಿ ನೋಡಾಕ ಬರ್ತೀನ್ರಿ. ಮೊದಲ ಆ ಗಿಡಾನ ನೋಡಬೇಕು.”

ಗಜಾನನ ಫೋನಿಟ್ಟು ಹಿತ್ತಲಿಗೆ ಹೋಗಿ ನೋಡಿದ. ಒಂದು ಕರಿಬೇವು, ಒಂದು ತುಳಸಿ, ಒಂದು ಹಳೆಯ ಟೈರು. ಟೈರಿನ ಮೇಲೆ ಒಂದು ನೊಣ ಕೂತಿತ್ತು. ಸಾಕಿದ್ದು ಎಂದು ತೋರಿಸಲು ಇದ್ದದ್ದು ಅದೊಂದೇ.

ಶುಕ್ರವಾರ, ಶನಿವಾರ ಕಾರ್ಖಾನೆಯಲ್ಲಿ ಡಬಲ್ ಡ್ಯೂಟಿ ಬಿತ್ತು. ಐತವಾರ ಬೆಳಗಾದಾಗ ಅವನು ಎಡಮನೆಯ ರಾಯಪ್ಪಕಾಕಾನ ಕಾಲಿಗೆ ಬೀಳುವುದೊಂದು ಬಾಕಿ. ರಾಯಪ್ಪ ನಿವೃತ್ತ ಬಸ್ ಕಂಡಕ್ಟರ್. ಬೆಳಗಾವಿ-ಖಾನಾಪುರ ದಾರಿಯಲ್ಲಿ ಇಪ್ಪತ್ತೆಂಟು ವರ್ಷ ಓಡಾಡಿದವನು. ಆ ದಾರಿಯ ಒಂದೊಂದು ಗಿಡವೂ ಅವನಿಗೆ ಪಾಸು ಇದ್ದ ಪ್ರಯಾಣಿಕರಂತೆ ಪರಿಚಯ.

“ಎಕ್ಕಿ ಏನು? ದೇಸೂರ ಸ್ಟೇಶನ್ ದಾಟಿದ ಕೂಡ್ಲೆ ಬಲಕ್ಕ ಒಂದ ಬಯಲ ಐತಿ. ಅಲ್ಲೆ ಗುಂಪಿಗೆ ಗುಂಪ ನಿಂತಾವು, ಬಸ್ಸಿಗೆ ಕಾದಂಗ. ನಡೀ, ನಾನೂ ಬರ್ತೀನಿ. ಗಿಡಾ ಹಿಡಕೊಳ್ಳಾಕ ಒಬ್ಬಂವ ಬೇಕಲ್ಲ?”

ಎಕ್ಕೆಯ ಹಾಲು ಕಣ್ಣಿಗೆ ಬಿದ್ದರೆ ಕಷ್ಟವೆಂದು ಗಜಾನನ ಕಾರ್ಖಾನೆಯ ದಪ್ಪ ಕನ್ನಡಕ, ಮೊಣಕೈವರೆಗಿನ ಕೈಗವಸು ಹಾಕಿಕೊಂಡ. ಹೆಗಲಿಗೆ ಗುದ್ದಲಿ. ರಾಯಪ್ಪ, “ಹುಳ ಉದುರಿ ಹೋಗಬಾರದು, ಸುತ್ತಾಕ ಹಳೇ ಅರಿವಿ ಬೇಕು,” ಎಂದು ಹಗ್ಗದ ಮೇಲಿದ್ದ ಒಂದು ಹಸಿರು ಸೀರೆಯನ್ನು ಎಳೆದು ಕಂಕುಳಲ್ಲಿಟ್ಟುಕೊಂಡ. “ರೈಟ್!” ಎಂದು ಸ್ಕೂಟರಿನ ಬೆನ್ನು ತಟ್ಟಿದ.

ದೇಸೂರಿನ ಬಯಲಿನಲ್ಲಿ ರಾಯಪ್ಪ ಹೇಳಿದಂತೆಯೇ ಎಕ್ಕೆಗಳು ನಿಂತಿದ್ದವು. ಒಂದೊಂದನ್ನೇ ಎಲೆ ಎತ್ತಿ ನೋಡುತ್ತ ಹೋದರೆ, ಆರನೆಯ ಗಿಡದಲ್ಲಿ ಸಿಕ್ಕವು. ಕಪ್ಪು, ಬಿಳಿ, ಹಳದಿ ಪಟ್ಟೆಯ ಹುಳಗಳು. ಬೆನ್ನ ಮೇಲೆ ಮೂರು ಜೊತೆ ಕಪ್ಪು ಕೋಡು. ಎಣಿಸಿದರೆ ಹನ್ನೊಂದು. ಗಜಾನನನ ಜೇಬಿನಲ್ಲಿ ಬೋಲ್ಟು ಅಳೆಯುವ ವರ್ನಿಯರ್ ಸದಾ ಇರುತ್ತಿತ್ತು. ರೂಢಿಯ ಮೇರೆಗೆ ತೆಗೆದು, ಎಲ್ಲಕ್ಕಿಂತ ದೊಡ್ಡ ಹುಳವನ್ನು ಅಳೆದ. ಮೂವತ್ತೆಂಟು ಮಿಲಿಮೀಟರ್. ಹುಳ ಅಳತೆಗೆ ತಲೆಯೆತ್ತಿ ಸಹಕರಿಸಿತು. ಉಳಿದವನ್ನೂ ಬಿಡಲಿಲ್ಲ.

ಬೇರು ನೆಲದೊಳಗೆ ಎಷ್ಟು ಇಳಿದಿತ್ತೆಂದರೆ, ಅಗೆದಷ್ಟೂ ಇತ್ತು. ಒಂದು ತಾಸು ಗುದ್ದಲಿ ಹೊಡೆದ ಮೇಲೆ ಗಿಡ ಮಣ್ಣಿನ ಹೆಂಟೆ ಸಮೇತ ಗಜಾನನನ ಮೈಮೇಲೆಯೇ ಬಿತ್ತು. ಅವನು ಅದನ್ನು ಎರಡೂ ಕೈಯಿಂದ ತಬ್ಬಿಕೊಂಡು ನಿಂತಿದ್ದಾಗ ಎಮ್ಮೆ ಮೇಯಿಸುತ್ತಿದ್ದ ಮುದುಕನೊಬ್ಬ ಹತ್ತಿರ ಬಂದ.

“ಏನಕ್ಕೆ ಒಯ್ಯುತ್ತೀರಿ?” ಎಂದು ಮರಾಠಿಯಲ್ಲಿ ಕೇಳಿದ.

“ಲಗ್ನಾಕ,” ಎಂದ ರಾಯಪ್ಪ, ಹೆಚ್ಚು ವಿವರಿಸುವ ಉಸಿರಿಲ್ಲದೆ.

ಮುದುಕ ಗಜಾನನನನ್ನು ಮೇಲಿಂದ ಕೆಳಗೆ ನೋಡಿದ. “ಮೂರನೆಯದೇ? ಇಷ್ಟು ಸಣ್ಣ ವಯಸ್ಸಿಗೆ!” ಎಂದು ಲೊಚಗುಟ್ಟಿ, ಎಮ್ಮೆ ಹೊಡೆದುಕೊಂಡು ಹೋದ. ಅವನೇನು ಅಂದನೆಂದು ಯೋಚಿಸಲು ಗಜಾನನನಿಗೆ ಪುರಸೊತ್ತಿರಲಿಲ್ಲ.

ಗಿಡಕ್ಕೆ ಹಸಿರು ಸೀರೆ ಸುತ್ತಿದರು. ಬುಡದಿಂದ ತುದಿಯವರೆಗೆ ಸುತ್ತಿ, ಹುಳಗಳಿಗೆ ಗಾಳಿಯಾಡಲೆಂದು ಮೇಲ್ಗಡೆ ಸೆರಗನ್ನು ಸಡಿಲ ಬಿಟ್ಟರು. ಮುಂದೆ ಗಜಾನನ, ನಡುವೆ ಗಿಡ, ಹಿಂದೆ ರಾಯಪ್ಪ. ಸ್ಕೂಟರ್ ಹೊರಟಿತು. ಗಾಳಿಗೆ ಸೆರಗು ಹಾರಿ ಗಜಾನನನ ಹೆಗಲ ಮೇಲೆ ಬೀಳುತ್ತಿತ್ತು. ಮಚ್ಛೆಯ ಚಹದಂಗಡಿಯ ಮುಂದೆ ಕೂತಿದ್ದವರು ಎದ್ದು ನಿಂತರು. ಬಾಜು ಬಂದ ಟೆಂಪೋದವನೊಬ್ಬ, “ಯಪ್ಪಾ, ಅಕ್ಕಾರಿಗೆ ಉಸರ ಕಟ್ಟೀತು, ಮುಖದ ಮ್ಯಾಲಿನ ಸೆರಗ ತಗೀರಿ!” ಎಂದು ಕೂಗಿದ. “ಹೋಲ್ಡಾನ್!” ಎಂದು ರಾಯಪ್ಪ ಎರಡು ಸಲ ಸ್ಕೂಟರ್ ನಿಲ್ಲಿಸಿ, ಉದುರಿದ ಹುಳವನ್ನು ಹತ್ತಿಸಿಕೊಂಡ.

ಹಿಂದವಾಡಿಯ ಓಣಿ ತಿರುಗಿದಾಗ ಬಲಮನೆಯ ನಾಗರತ್ನಾ ಬಾಗಿಲಲ್ಲಿ ರಂಗೋಲಿ ಹಾಕುತ್ತಿದ್ದಳು. ನಾಗರತ್ನಾ ಕೆಟ್ಟವಳಲ್ಲ. ಅವಳ ಕೈಯಲ್ಲಿ ಸುದ್ದಿ ನಿಲ್ಲುವುದಿಲ್ಲ, ಅಷ್ಟೇ. ಅವಳ ಕಿವಿಗೆ ಬಿದ್ದ ಮಾತು ಕುಕ್ಕರಿನ ಎರಡನೇ ಸೀಟಿಯೊಳಗೆ ಓಣಿಯ ಕೊನೆಯ ಮನೆ ತಲುಪುತ್ತಿತ್ತು. ದಪ್ಪ ಕನ್ನಡಕ, ಕೈಗವಸು ತೊಟ್ಟ ಗಜಾನನನ ಹಿಂದೆ ಹಸಿರು ಸೀರೆಯ ಹೆಣ್ಣೊಂದು ತಲೆ ತುಂಬ ಸೆರಗು ಹೊದ್ದು ಕೂತದ್ದು ಕಂಡು ಅವಳ ಕೈಯ ರಂಗೋಲಿ ಪುಡಿ ಒಂದೇ ಕಡೆ ಗುಡ್ಡೆಯಾಗಿ ಸುರಿಯಿತು.

“ಇವತ್ತ ಖಾನಾಪುರದಿಂದ ಕನ್ಯಾದವ್ರು ಬರೂದು. ಇಂವ ನೋಡಿದ್ರ ಮುಂಜಾನೆನ ಒಬ್ಬಾಕಿನ್ನ ಓಡಿಸಿಕೊಂಡು ಬಂದಾನ!”

ಮೊದಲನೆಯ ಸೀಟಿ ಅಲ್ಲಿಗೆ ಮುಗಿಯಿತು.

ಹಿತ್ತಲಿನಲ್ಲಿ ಗುಂಡಿ ತೋಡಿ, ಗಿಡ ನೆಟ್ಟು, ಸೀರೆ ಬಿಚ್ಚಿದಾಗ ಗಜಾನನನ ತಾಯಿ ಸತ್ಯವ್ವ ಅಡುಗೆಮನೆಯಿಂದ ಹೊರಗೆ ಬಂದಳು. ಬಂದವಳು ಕಿಟಾರನೆ ಕಿರುಚಿದಳು.

“ನನ್ನ ಇಳಕಲ್ಲ ಸೀರಿ! ಬೀಗರು ಬರ್ತಾರಂತ ಗಾಳಿಗೆ ಹಾಕಿದ್ದೆ! ಇಕಿಗೆ ಉಡಿಸಿಕೊಂಡು ಬಂದೀಯಲ್ಲೋ ಗಜ್ಯಾ! ಹಡೆದ ತಾಯಿ ಉಡಬೇಕಂತ ಇಟ್ಟದ್ದು ಇಕಿ ಮೈಮ್ಯಾಲೆ!”

ಸೀರೆಯ ತುಂಬ ಎಕ್ಕೆಯ ಹಾಲು, ದೇಸೂರಿನ ಮಣ್ಣು. ಒಂದು ಹುಳ ಸೆರಗಿನ ಕಸೂತಿ ರಥದ ಮೇಲೆ ನಿಧಾನವಾಗಿ ಏರುತ್ತಿತ್ತು. ಗಜಾನನ ಅದನ್ನು ಎತ್ತಿ ಎಲೆಯ ಮೇಲಿಟ್ಟು, “ಅವ್ವಾ, ನಿನ್ನ ಸೊಸಿ ಸಲುವಾಗೆ ಇದೆಲ್ಲಾ. ಸ್ವಲ್ಪ ತಡಕೋ,” ಎಂದ.

ಗೋಡೆಯಾಚೆ ಕಾಯಿಪಲ್ಲೆ ಸೋಸುವ ನೆಪದಲ್ಲಿ ನಿಂತಿದ್ದ ನಾಗರತ್ನಾಳಿಗೆ ‘ಇಕಿ’, ‘ಉಡಿಸಿ’, ‘ಸೊಸಿ’ ಮೂರೂ ಸ್ಪಷ್ಟವಾಗಿ ಕೇಳಿದವು.

ಬಿಸಿಲೇರಿತು. ನೆಟ್ಟ ಗಿಡ ಬಾಡತೊಡಗಿತು. ಹನ್ನೆರಡು ಗಂಟೆಗೆ ಅದರ ಎಲೆಗಳು ಒದ್ದೆ ಟವೆಲ್ಲಿನಂತೆ ಜೋತುಬಿದ್ದವು. ಹುಳಗಳೂ ತಲೆ ಕೆಳಗೆ ಮಾಡಿ ನೇತಾಡಿದವು. ಗಜಾನನ ನಾಲ್ಕು ಕೊಡ ನೀರು ಸುರಿದ, ಕೊಡೆ ಹಿಡಿದ, ರಟ್ಟಿನಿಂದ ಗಾಳಿ ಬೀಸಿದ. ಗಿಡ ಇನ್ನಷ್ಟು ವಾಲಿತು.

“ಗೂಟಾ ಹುಗದು ಬಿಗೀಬೇಕು. ದಾರಾ ತಾ!” ಎಂದ ರಾಯಪ್ಪ.

ಗಜಾನನ ಒಳಗೆ ಓಡಿದ. ಕೈಗೆ ಸಿಕ್ಕದ್ದು ದೇವರ ಜಗಲಿಯ ಮೇಲೆ ಸತ್ಯವ್ವ ಅರಿಷಿಣ ಹಚ್ಚಿ ಒಣಗಿಸಿಟ್ಟಿದ್ದ ದಾರದ ಉಂಡೆ. ಅದನ್ನೇ ತಂದು ಗಿಡದ ಕೊರಳಿಗೆ ಸುತ್ತಿ, ಗೂಟಕ್ಕೆ ಎಳೆದು ಒಂದು ಗಂಟು ಹಾಕಿದ. ಜಾರಿತು. ಎರಡನೇ ಗಂಟು ಹಾಕಿದ. ರಾಯಪ್ಪ, “ಇನ್ನೊಂದು ಹಾಕು, ಭದ್ರ ಇರಲಿ,” ಎಂದ. ಮೂರನೆಯದನ್ನೂ ಹಾಕಿದ. ಅದೇ ಹೊತ್ತಿಗೆ ಹಿಂದಿನ ಮನೆಯ ಕುಕ್ಕರು ಪೀಪಿಯಂತೆ ಉದ್ದಕ್ಕೆ ಊದಿತು.

ಗೋಡೆಯ ಮೇಲೆ ನಾಗರತ್ನಾಳ ಅರ್ಧ ಮುಖ ಕಂಡಿತು. ಕಣ್ಣು ಮಾತ್ರ ಪೂರ್ತಿ ಇದ್ದವು. ಈಗ ಅವಳಿಗೆ ಎಲ್ಲ ಅರ್ಥವಾಯಿತು. ಬಂದದ್ದು ಹೆಣ್ಣಲ್ಲ, ಎಕ್ಕೆಯ ಗಿಡ. ಆದರೆ ಅದು ಇನ್ನೂ ಕೆಟ್ಟದ್ದು. ಎರಡು ಹೆಂಡಿರನ್ನು ಕಳೆದುಕೊಂಡ ಗಂಡಸು ಮೂರನೆಯ ಮದುವೆಯನ್ನು ಎಕ್ಕೆಯ ಗಿಡದ ಜೊತೆ ಮಾಡಿಕೊಳ್ಳುತ್ತಾನೆ. ದೋಷವೆಲ್ಲ ಗಿಡಕ್ಕೆ ಹೋಗಿ, ಆಮೇಲೆ ಬರುವ ಹೆಣ್ಣು ಸುಖವಾಗಿರುತ್ತಾಳೆ. ಇದನ್ನು ಅವಳು ತನ್ನ ತವರಿನಲ್ಲಿ ಕಣ್ಣಾರೆ ಕಂಡಿದ್ದಳು.

“ಎರಡು ಮದುವಿ ಆಗಿತ್ತು! ಬಾಜೂಕ ಇದ್ದು ನಮಗ ಒಂದ ಅಕ್ಕಿಕಾಳೂ ಬಿದ್ದಿಲ್ಲ!”

ಎರಡನೆಯ ಸೀಟಿ ಮೊದಲನೆಯದಕ್ಕಿಂತ ಬೇಗ ಮುಗಿಯಿತು. ಎರಡು ಗಂಟೆಯ ಹೊತ್ತಿಗೆ ಓಣಿಯ ನಾಲ್ಕಾರು ಹೆಂಗಸರು ಸತ್ಯವ್ವನ ಮನೆಗೆ ಬಂದು, ಸಪ್ಪಗೆ ಮುಖ ಮಾಡಿಕೊಂಡು ಕೂತರು. ಒಬ್ಬಳು ಸತ್ಯವ್ವನ ಕೈ ಹಿಡಿದು, “ಇಷ್ಟ ವರ್ಷ ಹೊಟ್ಟ್ಯಾಗ ಇಟಗೊಂಡು ಹೆಂಗ ಇದ್ರಿ ಕಾಕೂ? ಮೊದಲಿನದಕ್ಕ ಏನಾಗಿತ್ತು?” ಎಂದು ಕೇಳಿದಳು.

ಹೊಟ್ಟೆಯಲ್ಲಿ ಸೀರೆಯ ಸಂಕಟ ತುಂಬಿಕೊಂಡಿದ್ದ ಸತ್ಯವ್ವ, ಮೊದಲಿನ ಸೀರೆಯ ಬಗ್ಗೆ ಕೇಳುತ್ತಿದ್ದಾಳೆಂದು ತಿಳಿದು, “ಏನ್ ಹೇಳ್ಲೆವಾ, ಅದು ಹೋದ ವರ್ಷನ ಇಲಿ ಕಡದು ಹೋತು,” ಎಂದು ಕಣ್ಣೊರೆಸಿಕೊಂಡಳು. ಹೆಂಗಸರು ಹೌಹಾರಿ ಒಬ್ಬರ ಮುಖ ಒಬ್ಬರು ನೋಡಿದರು. ಎರಡನೆಯವಳ ವಿಷಯ ಕೇಳುವ ಧೈರ್ಯ ಯಾರಿಗೂ ಬರಲಿಲ್ಲ.

ನಾಲ್ಕು ಗಂಟೆಗೆ ಆಟೋ ಬಂದು ನಿಂತಿತು. ಮೊದಲು ಇಳಿದದ್ದು ಸಪ್ನಾ. ಹೆಗಲಿಗೆ ಚೀಲ, ಕೈಯಲ್ಲಿ ಭೂತಗನ್ನಡಿ. “ಹಿತ್ತಲ ಯಾ ಕಡೆರಿ?” ಎಂದು ಕೇಳಿ, ಉತ್ತರಕ್ಕೂ ಕಾಯದೆ ಸಂದಿಯಿಂದ ಹಿಂದಕ್ಕೆ ಹೋಗಿಬಿಟ್ಟಳು. ಅವಳ ಹಿಂದೆ ಇಳಿದದ್ದು ಸೋದರಮಾವ ಲಕ್ಷ್ಮಪ್ಪ. ತಂದೆಯಿಲ್ಲದ ಸಪ್ನಾಳನ್ನು ಸಾಕಿ ಓದಿಸಿದವನು. ಖಾನಾಪುರದಲ್ಲಿ ಹಿಟ್ಟಿನ ಗಿರಣಿ. ಹುಬ್ಬಿನಲ್ಲಿ ಸದಾ ಹಿಟ್ಟು. ಗಿರಣಿಯ ಗದ್ದಲದಲ್ಲಿ ಮಾತಾಡಿ ಮಾತಾಡಿ, ಗುಟ್ಟಿನ ಮಾತನ್ನೂ ಮೂರು ಮನೆಗೆ ಕೇಳುವಂತೆ ಹೇಳುತ್ತಿದ್ದ. ಜ್ಯೋತಿಷಿಯನ್ನು ಕೇಳದೆ ಗಿರಣಿಯ ಬೆಲ್ಟನ್ನೂ ಬದಲಿಸದ ಮನುಷ್ಯ.

ಅವನ ಚಪ್ಪಲಿ ಇನ್ನೂ ಕಾಲಲ್ಲಿತ್ತು. ನಾಗರತ್ನಾ ಎದುರಿಗೆ ಬಂದು ನಮಸ್ಕಾರ ಮಾಡಿದಳು.

“ಬರ್ರಿ, ಬರ್ರಿ. ಸ್ವಲ್ಪ ತಡಾ ಮಾಡಿದ್ರಿ. ಮದುವಿ ಮಧ್ಯಾಹ್ನನ ಮುಗೀತ್ರಿ.”

“ಯಾರ ಮದುವಿ?” ಎಂದು ಲಕ್ಷ್ಮಪ್ಪ ಗುಡುಗಿದ.

“ಗಜಾನನಂದ್ರಿ. ಹೆದರಬ್ಯಾಡ್ರಿ, ಎಕ್ಕಿ ಗಿಡದ ಜೋಡಿ. ದೋಷ ಎಲ್ಲಾ ಹೋತು. ಇನ್ನ ನಿಮ್ಮ ಹುಡುಗಿಗೆ ಏನೂ ಆಗೂದಿಲ್ಲ. ಮೊದಲಿನಾಕಿಗೆ ಮಾತ್ರ ಇಲಿ ಕಡದಿತ್ತಂತ.”

ಲಕ್ಷ್ಮಪ್ಪನ ಹುಬ್ಬು ಮೇಲೇರಿ, ಒಂದಿಷ್ಟು ಹಿಟ್ಟು ಉದುರಿತು. ಆಟೋದವನಿಗೆ, “ನಿಲ್ಲಪಾ, ಹೊಳ್ಳಿ ಹೋಗೂದೈತಿ!” ಎಂದು ಕೂಗಿ, ಸಪ್ನಾಳನ್ನು ಕರೆದೊಯ್ಯಲು ಹಿತ್ತಲಿಗೆ ನುಗ್ಗಿದ. ಅವನ ಹಿಂದೆ ನಾಗರತ್ನಾ, ಅವಳ ಹಿಂದೆ ಓಣಿ.

ಹಿತ್ತಲಿನಲ್ಲಿ ಸಪ್ನಾ ಮೊಣಕಾಲೂರಿ ಎಲೆಯ ಕೆಳಗೆ ನೋಡುತ್ತಿದ್ದಳು. ಗಜಾನನ ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದ.

“ಏಳ ಸಪ್ನಾ! ಇವಂಗ ಎರಡು ಲಗ್ನ ಆಗ್ಯಾವು. ಮೂರನೇದು ಈ ಗಿಡದ ಜೋಡಿ ಇವತ್ತ ಆಗೇತಿ!”

“ಇಲ್ರಿ! ನನಗ ಒಂದೂ ಆಗಿಲ್ರಿ!” ಎಂದು ಗಜಾನನ ಕೂಗಿಕೊಂಡ.

“ಹಂಗಾರ ಎಕ್ಕಿ ಗಿಡಾ ಯಾಕ ತಂದಿ?”

“ತಂದಿಲ್ರಿ… ಇದು… ಭಾಳ ದಿವಸದಿಂದ ಇಲ್ಲೇ ಐತ್ರಿ,” ಎಂದು ಗಜಾನನ ಸಪ್ನಾಳ ಮುಖ ನೋಡುತ್ತ ತೊದಲಿದ.

ಗಜಾನನನ ಮಾನ ಉಳಿಸಲು ರಾಯಪ್ಪ ಮುಂದೆ ಬಂದ. “ಸುಳ್ಳ ಯಾಕ ಹೇಳ್ತಿ ಗಜಾನನಾ? ಕೇಳ್ರಿ ಸಾಹೇಬ್ರ, ಈ ಗಿಡಾ ಇವತ್ತ ಮುಂಜಾನೆ ದೇಸೂರದಿಂದ ನಾನ ಹಿಡಕೊಂಡು ಬಂದೀನಿ. ಮದುವಿ ಗಿದುವಿ ಏನಿಲ್ಲ. ನಿಮ್ಮ ಹುಡುಗಿ ಮುಂದ ಫೋನಿನ್ಯಾಗ ಸುಳ್ಳ ಹೇಳಿದ್ದಾ, ಅದನ್ನ ಖರೇ ಮಾಡಾಕ ತಂದಾನ. ಮುಗೀತಲ್ಲ?”

ಎಲ್ಲ ಮುಗಿದಂತೆಯೇ ಆಯಿತು. ಗಜಾನನ ಕಣ್ಣು ಮುಚ್ಚಿಕೊಂಡ. ಹನ್ನೆರಡನೆಯದೂ ಬುಟ್ಟಿಗೆ ಬಿತ್ತು ಎಂದುಕೊಂಡ.

ಸಪ್ನಾ ಎದ್ದು ನಿಂತಳು. “ಅಂದ್ರ ನಿಮಗ ಪಾತರಗಿತ್ತಿ ಬಗ್ಗೆ ಏನೂ ಗೊತ್ತಿಲ್ಲ?”

“ಇಲ್ರಿ. ದೊಡ್ಡ ಹುಳ ಮೂವತ್ತೆಂಟು ಮಿಲಿಮೀಟರ್ ಐತಿ, ಎಲ್ಲಾಕ್ಕಿಂತ ಸಣ್ಣದು ಒಂಬತ್ತೂವರಿ. ಹನ್ನೊಂದರಾಗ ಎಡಗಡೆ ಮೂರನೇದರ ಒಂದು ಕೋಡು ಅರ್ಧ ಮಿಲಿಮೀಟರ್ ಗಿಡ್ಡ. ಇಷ್ಟ ಗೊತ್ತು.”

“ದೇಸೂರದಿಂದ ಇಲ್ಲಿತನಕ ಒಂದೂ ಹುಳ ಬೀಳ್ಲಿಲ್ಲೇನು?”

“ಎರಡ ಬಿದ್ದುವ್ರಿ. ಗಾಡಿ ನಿಲ್ಲಿಸಿ ಹತ್ತಿಸಿಕೊಂಡ್ವಿ.”

ಸಪ್ನಾಳ ತುಟಿಯಂಚು ಅಲುಗಿತು. ಆಮೇಲೆ ನಗು ತಡೆಯಲಾರದೆ ಚೀಲದಿಂದ ಬಾಯಿ ಮುಚ್ಚಿಕೊಂಡಳು. “ಮಾಮಾ, ನಮ್ಮ ಸಾಲ್ಯಾಗ ಹತ್ತು ವರ್ಷ ಕಲಿಸಿದೆ, ಹುಳದ ಕೋಡು ಅಳದಾವ್ರನ್ನ ನಾ ಕಂಡಿಲ್ಲ. ಸುಳ್ಳು ಹೇಳಿದ್ದು ತಪ್ಪು. ಆದ್ರ ನನಗ ಇವ್ರು ಅಡ್ಡಿಯಿಲ್ಲ.”

ಗಜಾನನನ ಎದೆಯಲ್ಲಿ ಬ್ಯಾಂಡು ಬಾರಿಸಿತು. ಸತ್ಯವ್ವ ಸೀರೆಯನ್ನೇ ಮರೆತು ಕುಂದಾದ ಡಬ್ಬಿ ತರಲು ಓಡಿದಳು. ನಾಗರತ್ನಾಳೂ, “ನಾ ಮೊದಲ ಹೇಳಿದ್ನಿ, ಹುಡುಗ ಚೊಲೋ ಅದಾನಂತ,” ಎಂದಳು.

ಆದರೆ ಲಕ್ಷ್ಮಪ್ಪ ಗಿಡದ ಕೊರಳಿನ ಹಳದಿ ದಾರವನ್ನು ನೋಡುತ್ತಿದ್ದ. ಹತ್ತಿರ ಹೋಗಿ ಗಂಟು ಎಣಿಸಿದ.

“ಮೂರ ಗಂಟು. ಅರಿಷಿಣ ದಾರ. ಯಾರ ಹಾಕಿದ್ದು?”

“ನಾನ ರಿ. ವಾಲಿತ್ತು, ಬಿಗದೆ.”

“ಗಿಡಕ್ಕ ಸೀರಿ ಉಡಿಸಿದ್ರೇನು?”

“ನಂದ ಇಳಕಲ್ಲ ಸೀರಿ!” ಎಂದು ಒಳಗಿನಿಂದ ಸತ್ಯವ್ವ ಕೂಗಿದಳು.

“ಪೀಪಿ ಸಪ್ಪಳಾನೂ ಕೇಳಿದ್ನಿ,” ಎಂದು ನಾಗರತ್ನಾ ಸೇರಿಸಿದಳು.

ಲಕ್ಷ್ಮಪ್ಪ ತಡಮಾಡಲಿಲ್ಲ. ಜ್ಯೋತಿಷಿಗೆ ಫೋನ್ ಹಚ್ಚಿ, ಇಡೀ ಓಣಿಗೆ ಕೇಳುವಂತೆ ಸ್ಪೀಕರ್ ಹಾಕಿದ. ಜ್ಯೋತಿಷಿ ಎಲ್ಲ ಕೇಳಿಸಿಕೊಂಡು, “ಐತವಾರ ಸೂರ್ಯನ ವಾರ, ಎಕ್ಕಿ ಸೂರ್ಯನ ಗಿಡ. ತಿಳಿದು ಕಟ್ಟಲಿ, ತಿಳೀದ ಕಟ್ಟಲಿ, ಲಗ್ನ ಆತು. ಹುಡುಗನ ಮೊದಲನೇ ಹೆಂಡ್ತಿ ಅದ. ಅದನ್ನ ಕಡದು ಹಾಕಿದ ಮ್ಯಾಲೆನ ನಿಮ್ಮ ಹುಡುಗಿನ್ನ ಕೊಡ್ರಿ,” ಎಂದ.

“ಕುಡಗೋಲು ತಗೊಂಡ ಬರ್ರಿ!” ಎಂದು ಲಕ್ಷ್ಮಪ್ಪ ಗರ್ಜಿಸಿದ.

ರಾಯಪ್ಪ ಅದಾಗಲೇ ತನ್ನ ಮನೆಯಿಂದ ತಂದು ಗಜಾನನನ ಕೈಗೆ ಕೊಟ್ಟುಬಿಟ್ಟ. ಗಜಾನನ ಕುಡುಗೋಲು ಎತ್ತುವಷ್ಟರಲ್ಲಿ ಸಪ್ನಾ ಗಿಡಕ್ಕೆ ಅಡ್ಡ ನಿಂತಳು.

“ಹನ್ನೊಂದು ಜೀವ ಅದಾವ ಇದರ ಮ್ಯಾಲೆ! ಕಡದ್ರ ನಾ ಈ ಮನಿಗೆ ಬರೂದಿಲ್ಲ.”

“ಕಡೀದಿದ್ರ ನಾ ಕೊಡೂದಿಲ್ಲ!” ಎಂದ ಲಕ್ಷ್ಮಪ್ಪ.

ಗಜಾನನ ಕುಡುಗೋಲನ್ನು ಮೇಲೆತ್ತಿದ, ಕೆಳಗಿಳಿಸಿದ. ಮತ್ತೆ ಎತ್ತಿದ, ಮತ್ತೆ ಇಳಿಸಿದ. ದೂರದಿಂದ ನೋಡಿದವರಿಗೆ ವ್ಯಾಯಾಮ ಮಾಡುತ್ತಿದ್ದಾನೆ ಅನ್ನಿಸುತ್ತಿತ್ತು.

“ಹುಳಾನ ಬ್ಯಾರೆ ಗಿಡಕ್ಕ ಟ್ರಾನ್ಸ್‌ಫರ್ ಮಾಡೂಣೇನ್ರಿ?” ಎಂದು ರಾಯಪ್ಪ ಕೇಳಿದ.

“ದೊಡ್ಡವು ಗೂಡು ಕಟ್ಟೂ ಹೊತ್ತಿನ್ಯಾಗ ಅದಾವು. ಇನ್ನ ಕೈ ಹಚ್ಚಿದ್ರ ಉಳಿಯೂದಿಲ್ಲ,” ಎಂದಳು ಸಪ್ನಾ. ಆಮೇಲೆ ಮಾವನ ಕೈ ಹಿಡಿದುಕೊಂಡಳು. “ಮಾಮಾ, ನಿನ್ನ ಮಾತು ನಾ ಎಂದೂ ಮೀರಿಲ್ಲ, ಈಗೂ ಮೀರೂದಿಲ್ಲ. ಗಿಡಾ ಕಡಿಯೂಣಂತ. ಆದ್ರ ಇವಷ್ಟೂ ಪಾತರಗಿತ್ತಿ ಆಗಿ ಹಾರಿ ಹೋಗಲಿ. ಇಪ್ಪತ್ತು ದಿವಸದ ಮಾತು.”

ಲಕ್ಷ್ಮಪ್ಪ ಬೆರಳೆಣಿಸಿದ. ಜ್ಯೋತಿಷಿಯೂ ಫೋನಿನೊಳಗಿಂದ, “ಅಡ್ಡಿಯಿಲ್ಲ, ಗಿಡದ ಮ್ಯಾಲೆ ಜೀವ ಇರೂತನಕ ಕಡೀಬ್ಯಾಡ್ರಿ. ಬಸರಿ ಇದ್ದಾಕಿನ್ನ ಕಡದಂಗ ಆಕ್ಕೈತಿ,” ಎಂದ. ಇಪ್ಪತ್ತೊಂದನೆಯ ದಿನ ಗಿಡ ಕಡಿಯುವುದು, ಇಪ್ಪತ್ತೆರಡನೆಯ ದಿನ ನಿಶ್ಚಯ ಎಂದು ಎಲ್ಲರೂ ಒಪ್ಪಿದರು. ಆಟೋದವನನ್ನೂ ಒಳಗೆ ಕರೆದು ಕುಂದಾ ಕೊಟ್ಟರು. ಗಜಾನನ ಮೊದಲ ಸಲ ಸಪ್ಪಳವಿಲ್ಲದೆ ಚಹ ಕುಡಿದ. ಸಂಜೆಯ ತಂಪಿಗೆ ಗಿಡದ ಎಲೆಗಳೂ ಸ್ವಲ್ಪ ಸ್ವಲ್ಪವಾಗಿ ಮೇಲೆದ್ದವು.

ಆಗ ಬಂತು ಅದು. ಕರಿಬೇವಿನ ಮೇಲಿಂದ ತೇಲಿಕೊಂಡು, ಸಪ್ನಾಳ ಫೋನಿನ ಚಿತ್ರದಲ್ಲಿದ್ದಂಥದ್ದೇ ಕೇಸರಿ ಚಿಟ್ಟೆ. ಹಿಂದವಾಡಿಯ ಆ ಹಿತ್ತಲಿಗೆ ಬಂದ ಮೊಟ್ಟಮೊದಲ ಚಿಟ್ಟೆ. ಅದು ಎಕ್ಕೆಯ ಎಲೆಯ ಮೇಲೆ ಕೂತು, ಬಾಲ ಮಡಚಿ ಎಲೆಯ ಕೆಳಗೆ ಒತ್ತಿತು.

“ತತ್ತಿ! ತತ್ತಿ ಇಡ್ತು!” ಎಂದು ಸಪ್ನಾ ಚಪ್ಪಾಳೆ ತಟ್ಟಿ ಕುಣಿದಳು. ಗಜಾನನನೂ ಅವಳ ಜೊತೆ ಚಪ್ಪಾಳೆ ತಟ್ಟಿದ. ತಟ್ಟುತ್ತಿದ್ದ ಕೈ ನಡುವೆಯೇ ನಿಂತಿತು.

“ಅದು ಪಾತರಗಿತ್ತಿ ಆಗಾಕ ಎಷ್ಟ ದಿವಸ ಬೇಕ್ರಿ?”

“ತತ್ತಿ ಒಡ್ಯಾಕ ನಾಕು ದಿವಸ. ಆಮ್ಯಾಲೆ ಹುಳ, ಆಮ್ಯಾಲೆ ಗೂಡು. ಇಪ್ಪತ್ತೈದು ಹಿಡೀರಿ.”

ಲಕ್ಷ್ಮಪ್ಪ ಕೈಬೆರಳು ಬಿಡಿಸಿ ಮತ್ತೆ ಮೊದಲಿಂದ ಎಣಿಸತೊಡಗಿದ. ಚಿಟ್ಟೆ ಹಾರಿ ಇನ್ನೊಂದು ಎಲೆಗೆ ಹೋಯಿತು. ಅಲ್ಲೊಂದು ತತ್ತಿ. ಮತ್ತೊಂದು ಎಲೆಗೆ ಹೋಯಿತು. ಅಷ್ಟರಲ್ಲಿ ಗೋಡೆ ದಾಟಿ ಇನ್ನೆರಡು ಚಿಟ್ಟೆಗಳು ಬಂದವು. ಅರ್ಧ ಬೆಳಗಾವಿಯ ಚಿಟ್ಟೆಗಳಿಗೆ ಯಾರು ಸುದ್ದಿ ಮುಟ್ಟಿಸಿದರೋ! ಎಲ್ಲರೂ ನಾಗರತ್ನಾಳತ್ತ ನೋಡಿದರು. “ನಾ ಅಲ್ರಿ!” ಎಂದಳು ಅವಳು.

ಇದಾಗಿ ಈಗ ಎಂಟು ತಿಂಗಳು. ಗಿಡ ಹುಲುಸಾಗಿ ಬೆಳೆದು ಮಾಳಿಗೆಯ ಮಟ್ಟಕ್ಕೆ ಬಂದಿದೆ. ಸಪ್ನಾ ದಿನಾಲೂ ಸಂಜೆ ಏಳಕ್ಕೆ ತಪ್ಪದೆ ಫೋನ್ ಮಾಡುತ್ತಾಳೆ. “ಇವತ್ತ ಎಷ್ಟ ತತ್ತಿ? ಎಷ್ಟ ಗೂಡು? ಫೋಟೋ ಕಳಸ್ರಿ,” ಎನ್ನುತ್ತಾಳೆ. ಗಜಾನನ ವರ್ನಿಯರ್ ಹಿಡಿದು ಅಳೆದು, ಬರೆದು, ಫೋಟೋ ಕಳಿಸುತ್ತಾನೆ. “ಭಾಳ ಚೊಲೋ ಆತು,” ಎಂದು ಅವಳು ಸಂತೋಷದಿಂದ ಫೋನಿಡುತ್ತಾಳೆ. ತಿಂಗಳಿಗೊಮ್ಮೆ ಲಕ್ಷ್ಮಪ್ಪ ಕುಡುಗೋಲು ಮಸೆಸಿಕೊಂಡು ಖಾನಾಪುರದಿಂದ ಬರುತ್ತಾನೆ, ಎಲೆ ಎತ್ತಿ ನೋಡುತ್ತಾನೆ, ಚಹ ಕುಡಿದು ಹೋಗುತ್ತಾನೆ.

ಸತ್ಯವ್ವ ಬೆಳಿಗ್ಗೆದ್ದು ಗಿಡಕ್ಕೆ ನೀರು ಹಾಕುವಾಗ ಗೋಡೆಯಾಚೆಯಿಂದ ನಾಗರತ್ನಾ ಇಣುಕುತ್ತಾಳೆ.

“ಸೊಸಿ ಹೆಂಗ ಅದಾಳ್ರಿ ಕಾಕೂ?”

ಸತ್ಯವ್ವ ಖಾಲಿ ಕೊಡ ಕೆಳಗಿಟ್ಟು ಸೊಂಟದ ಮೇಲೆ ಕೈಯಿಡುತ್ತಾಳೆ.

“ಏನ್ ಹೇಳ್ಲೆವಾ, ಒಂದ ಬಾಣಂತನ ಮುಗ್ಯೂದ್ರಾಗ ಇನ್ನೊಂದು!”